ಓದುಗರ ಪ್ರಶ್ನೆ, ಡಾಕ್ಟ್ರ ಉತ್ತರ: ಅಪ್ಪಂಗೆ ಹೇಳೋದಾ, ಬೇಡ್ವಾ?

ಈ ತಿಂಗಳು ಬಂದ ಕಾಗದ, ಮೇಲ್‌ಗಳಲ್ಲಿ ಹೆಚ್ಚಿನವು ವಾಸಿ ಆಗದ ಕಾಯಿಲೆ ಬಗ್ಗೆನೇ. ಹಾಗಾಗಿ ಈ ಸಲ ಶುಗರ್, ಥೈರಾಯ್ಡ್, ಕೂದಲು ಉದುರೋದು ಎಲ್ಲ ಪಕ್ಕಕ್ಕಿಟ್ಟು ಇವಕ್ಕೆ ಮಾತ್ರ ಬರೀತಿದೀನಿ. ಹೆಸರು ಹಾಕಿಲ್ಲ, ಊರು ಮಾತ್ರ. ಎಲ್ಲಾನೂ ಒಂದೇ ಕೂತಲ್ಲಿ ಓದಿದಾಗ ಒಂದು ವಿಷ್ಯ ಮನಸ್ಸಿಗೆ ಚುಚ್ಚಿತು. ಮಗ ಬರೆದಿದಾನೆ, ಸೊಸೆ ಬರೆದಿದಾಳೆ, ಗಂಡ ಬರೆದಿದಾರೆ, ಆದ್ರೆ ಒಂದೇ ಒಂದು ಕಾಗದ ಬಿಟ್ರೆ ಉಳಿದವುಗಳಲ್ಲಿ ಕಾಯಿಲೆ ಬಿದ್ದವರನ್ನ ಯಾರಾದ್ರೂ ಕೂತು ಕೇಳಿದ ಹಾಗೆ ಕಾಣ್ಲಿಲ್ಲ.

ತಿಪಟೂರಿಂದ: ಮೇಡಂ, ನಮ್ಮ ತಂದೆಗೆ 67 ವರ್ಷ, ತೆಂಗಿನ ತೋಟ ಇದೆ, ಬೆಳಿಗ್ಗೆ ಎದ್ದು ತೋಟ ಒಂದು ರೌಂಡ್ ಸುತ್ತಿ ಬಂದ್ಮೇಲೇನೇ ಕಾಫಿ ಕುಡಿಯೋರು. ಎರಡು ತಿಂಗಳಿಂದ ಊಟ ಸೇರ್ತಿಲ್ಲ, ತೂಕ ಇಳೀತು, ಎಂಡೋಸ್ಕೋಪಿ ಮಾಡ್ಸಿದ್ರೆ ಹೊಟ್ಟೆ ಕ್ಯಾನ್ಸರ್, ಲಿವರಿಗೂ ಹರಡಿದೆ ಅಂದ್ರು. ಅವ್ರಿಗೆ ಅಲ್ಸರ್ ಅಂತ ಹೇಳಿದೀವಿ. ಅಮ್ಮ, ಅಕ್ಕ, ದೊಡ್ಡಪ್ಪ ಎಲ್ರೂ ಹೇಳ್ಬೇಡ, ಕೇಳಿದ್ರೆ ಎದೆ ಒಡ್ಕೊಂಡೇ ಹೋಗ್ಬಿಡ್ತಾರೆ ಅಂತಾರೆ. ಕೀಮೋ ಡಾಕ್ಟ್ರು ಮಾತ್ರ ಅವ್ರಿಗೆ ಹೇಳದೆ ಶುರು ಮಾಡಲ್ಲ ಅಂತ ಹಠ ಹಿಡಿದಿದಾರೆ. ಇದು ನ್ಯಾಯವಾ? ನಮ್ಮಪ್ಪ ಎಂಥವ್ರು ಅಂತ ನಮಗೆ ಗೊತ್ತಿರಲ್ವಾ?

ನಿಮಗೆ ಗೊತ್ತು, ಖಂಡಿತ ಗೊತ್ತು. ಆದ್ರೂ ನಿಮ್ಮ ಡಾಕ್ಟ್ರ ಮೇಲೆ ಸಿಟ್ಟಾಗ್ಬೇಡಿ. ಕೀಮೋ ಅನ್ನೋದು ಅಲ್ಸರ್ ಮಾತ್ರೆ ಅಲ್ಲ, ವಾಂತಿ ಆಗತ್ತೆ, ಸುಸ್ತಾಗತ್ತೆ, ಕೂದಲು ಹೋಗ್ಬಹುದು, ಎರಡು ವಾರಕ್ಕೋ ಮೂರು ವಾರಕ್ಕೋ ಒಂದ್ಸಲ ಆಸ್ಪತ್ರೆಗೆ ಬರ್ಬೇಕು, ಇಷ್ಟೆಲ್ಲ ಅನುಭವಿಸೋ ಮನುಷ್ಯನಿಗೆ ಯಾಕೆ ಅನುಭವಿಸ್ತಿದೀನಿ ಅಂತ ಗೊತ್ತಿರ್ಬೇಡ್ವಾ? ಕಾನೂನಿನ ಲೆಕ್ಕದಲ್ಲೂ ಅವ್ರು ಸರಿ ಇದಾರೆ. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಮೀರಾ ಕೊಹ್ಲಿ ಕೇಸಲ್ಲಿ ತೀರ್ಪು ಕೊಡ್ತು. ಪರೀಕ್ಷೆಗೆ ಅಂತ ಅನಸ್ತೇಶಿಯ ಕೊಟ್ಟಿದ್ದ ಹೆಂಗಸಿಗೆ, ಹೊರಗೆ ಕೂತಿದ್ದ ಅವರ ತಾಯಿನ ಕೇಳಿ ಗರ್ಭಕೋಶನೇ ತೆಗೆದುಬಿಟ್ಟಿದ್ರು. ಬುದ್ಧಿ ನೆಟ್ಟಗಿರೋ ವಯಸ್ಕರಿಗೆ ಪ್ರಾಣಕ್ಕೆ ತುರ್ತು ಅಪಾಯ ಇಲ್ದಿದ್ರೆ ಒಪ್ಪಿಗೆ ಅವರೇ ಕೊಡ್ಬೇಕು, ಹೆತ್ತ ತಾಯಿ ಕೊಟ್ರೂ ನಡೆಯಲ್ಲ ಅಂತ ಕೋರ್ಟು ಹೇಳ್ತು. ನಿಮ್ಮಪ್ಪಂಗೆ ಬುದ್ಧಿ ನೆಟ್ಟಗಿದೆ, ನಿಮ್ಮ ಸಹಿ ಅವರ ಸಹಿ ಆಗಲ್ಲ.

ಕಾನೂನು ಹಾಗಿರ್ಲಿ, ನಾನು ಕಣ್ಣಾರೆ ನೋಡಿದ್ದು ಹೇಳ್ತೀನಿ. ಒಬ್ರು ಯಜಮಾನ್ರು, ಹೆಚ್ಚೂಕಮ್ಮಿ ನಿಮ್ಮಪ್ಪನ ವಯಸ್ಸು, ಇಬ್ರು ಗಂಡುಮಕ್ಕಳು ಕರ್ಕೊಂಡು ಬಂದಿದ್ರು. ದೊಡ್ಡ ಮಗ ಒಳಗೆ ಬರೋಕೆ ಮುಂಚೆ ನರ್ಸ್ ಕೈಲಿ ನನಗೆ ಚೀಟಿ ಕಳ್ಸಿದ್ದ, "ಅಪ್ಪಂಗೆ ಕ್ಯಾನ್ಸರ್ ಅಂತ ಗೊತ್ತಿಲ್ಲ, ದಯವಿಟ್ಟು ಹೇಳ್ಬೇಡಿ" ಅಂತ. ಹೊಟ್ಟೆ ನೋಡ್ಬೇಕು ಅಂತ ಮಕ್ಕಳನ್ನ ಹೊರಗೆ ಕಳ್ಸಿ ಪರದೆ ಎಳೆದೆ. ಯಜಮಾನ್ರು ನನ್ನ ಕೈ ಹಿಡ್ಕೊಂಡು, "ಡಾಕ್ಟ್ರಮ್ಮ, ಹುಡುಗ್ರಿಗೆ ಹೇಳ್ಬೇಡಿ, ಇದು ಆ ಕಾಯಿಲೆನೇ ಅಂತ ನಂಗೊತ್ತು, ಅವ್ರು ತಡ್ಕೊಳಲ್ಲ" ಅಂದ್ರು. ಹೇಗೆ ಗೊತ್ತಾಯ್ತು ಅಂತ ಕೇಳಿದೆ. "ಕಿದ್ವಾಯಿಗೆ ಕರ್ಕೊಂಡ್ ಹೋಗಿದ್ರಲ್ಲ, ಬೋರ್ಡ್ ಓದಕ್ಕೆ ಬರತ್ತೆ ನಂಗೆ" ಅಂದ್ರು. ಒಳಜೇಬಿಂದ ನಾಲ್ಕು ಮಡಿಕೆ ಮಾಡಿದ್ದ ಕಾಗದ ತೆಗೆದ್ರು, ಯಾರಿಗೆ ಎಷ್ಟು ಸಾಲ ಕೊಡ್ಬೇಕು, ಯಾರಿಂದ ಎಷ್ಟು ಬರ್ಬೇಕು, ಯಾವ ಹೊಲದ ಪತ್ರ ಎಲ್ಲಿದೆ, ಎಲ್ಲ ಪೆನ್ಸಿಲಲ್ಲಿ ಬರೆದಿತ್ತು. ಮೂರು ತಿಂಗಳಿಂದ ಅದನ್ನ ಜೇಬಲ್ಲಿ ಇಟ್ಕೊಂಡು ಓಡಾಡ್ತಿದ್ರಂತೆ, ಕೊಡೋಕೆ ಸಮಯ ಸಿಕ್ಕಿರ್ಲಿಲ್ಲ, ಯಾಕಂದ್ರೆ ಮನೇಲಿ ಎಲ್ರೂ ಅಲ್ಸರ್ ಅಲ್ಸರ್ ಅಂತ ನಗ್ತಾ ಇದ್ರು.

ನಿಮ್ಮಪ್ಪಂಗೂ ಅರ್ಧ ಗೊತ್ತಿರತ್ತೆ. ಹಾಗಂತ ಮನೆಗೆ ಹೋಗಿ ಒಂದೇ ಉಸಿರಲ್ಲಿ ಎಲ್ಲ ಹೇಳ್ಬಿಡಿ ಅಂತ ನಾನು ಹೇಳ್ತಿಲ್ಲ. ಮೊದಲು ಕೇಳಿ, "ಅಪ್ಪ, ನಿಮಗೆ ಏನಾಗಿದೆ ಅನ್ಸತ್ತೆ?" ಅಂತ, ಕೇಳಿ ಸುಮ್ನೆ ಕೂತ್ಕೊಳ್ಳಿ, ಮಧ್ಯ ಬಾಯಿ ಹಾಕ್ಬೇಡಿ. ಆಮೇಲೆ ಡಾಕ್ಟ್ರು ಕೇಳ್ಬೇಕು, "ರಿಪೋರ್ಟ್ ವಿಷ್ಯ ನಿಮಗೇ ಹೇಳ್ಲಾ ಅಥವಾ ಮಗಂಗೆ ಹೇಳ್ಲಾ?" ಅಂತ. ಕೆಲವ್ರು "ಅದೆಲ್ಲ ನನಗೆ ಬೇಡಮ್ಮ, ಮಗಂಗೆ ಹೇಳಿ, ಅವ್ನು ಹೇಳಿದ್ದೇ ನನಗೆ ಆಗ್ಬಹುದು" ಅಂತಾರೆ. ಹಾಗಂದ್ರೆ ಅದೂ ಅವರದೇ ತೀರ್ಮಾನ, ನಾವು ಒಪ್ಕೋತೀವಿ. ಕೇಳದೇ ನೀವೇ ತೀರ್ಮಾನ ಮಾಡೋದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇದೆ. ಇಷ್ಟು ತಿಂಗಳು ಅಂತ ಲೆಕ್ಕ ಮಾತ್ರ ಯಾರೂ ಹೇಳ್ಬೇಡಿ, ಆ ಲೆಕ್ಕ ನಮಗೂ ತಪ್ಪತ್ತೆ. ಅಮ್ಮನ್ನ ಪಕ್ಕದಲ್ಲಿ ಕೂರ್ಸ್ಕೊಳ್ಳಿ. ಕಣ್ಣೀರು ಬಂದ್ರೆ ಬರ್ಲಿ.

ಕೊಳ್ಳೇಗಾಲದಿಂದ: ನನ್ನ ಹೆಂಡತಿಗೆ 52 ವರ್ಷ. ಗರ್ಭಕೋಶದ ಬಾಯಿ ಕ್ಯಾನ್ಸರ್ ಆಗಿ ಕರೆಂಟ್ (ರೇಡಿಯೇಶನ್) ಕೊಡ್ಸಿದ್ವಿ, ಎರಡು ವರ್ಷ ಚೆನ್ನಾಗಿದ್ಲು, ಈಗ ಬೆನ್ನುಮೂಳೆಗೆ ಬಂದಿದೆ. ರಾತ್ರಿಯೆಲ್ಲ ನರಳ್ತಾಳೆ, "ಒಂದು ತೊಟ್ಟು ವಿಷ ಕೊಟ್ಬಿಡಿ" ಅಂತಾಳೆ. ಆಸ್ಪತ್ರೇಲಿ ಮಾರ್ಫಿನ್ ಮಾತ್ರೆ ಕೊಟ್ಟಿದಾರೆ. ನನ್ನ ಬಾಮೈದ ಓದಿದವನು, ಅದು ಅಫೀಮು, ಅಭ್ಯಾಸ ಆಗ್ಬಿಡತ್ತೆ, ಬೇಗ ಪ್ರಾಣ ಹೋಗತ್ತೆ ಅಂದ, ಹೆದ್ರಿ ಬೀರುವಲ್ಲಿ ಇಟ್ಟಿದೀನಿ, ತೀರಾ ತಡೆಯಕ್ಕಾಗ್ದಿದ್ರೆ ಒಂದು ಕೊಡ್ತೀನಿ. ನಮ್ಮೂರ ಮೆಡಿಕಲ್ ಶಾಪಲ್ಲಿ ಕೇಳಿದ್ರೆ ನನ್ನನ್ನ ಕಳ್ಳನ್ನ ನೋಡಿದ ಹಾಗೆ ನೋಡಿದ್ರು. ಏನ್ ಮಾಡ್ಲಿ?

ಸಾರ್, ಇದನ್ನ ಓದಿದ ತಕ್ಷಣ ಬೀರು ತೆಗೀರಿ. ಬೇರೆ ಎಲ್ಲ ಆಮೇಲೆ ಮಾತಾಡೋಣ.

ಮಾತ್ರೆ ಕೊಟ್ಟ ಡಾಕ್ಟ್ರು ಟೈಮ್ ಬರ್ದಿರ್ತಾರೆ, ಸಾಮಾನ್ಯವಾಗಿ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಅಂತ, ರಾತ್ರಿದು ಜೋಡಿ ಡೋಸ್, ಯಾಕಂದ್ರೆ ಮಧ್ಯರಾತ್ರಿ 2ಕ್ಕೆ ಎಬ್ಬಿಸೋದು ಬೇಡ ಅಂತ. ಇದರ ಕೆಲಸ ನಾಲ್ಕು ಗಂಟೆ ಹೊತ್ತು ಇರತ್ತೆ. ನೋವು ಬಂದ್ಮೇಲೆ ಕೊಡೋ ಮಾತ್ರೆ ಅಲ್ಲ ಇದು, ಬರೋಕೆ ಮುಂಚೆ ಕೊಡೋದು. ನೀವು ತಡೆಯಕ್ಕಾಗ್ದಿದ್ದಾಗ ಒಂದು ಕೊಡ್ತೀರಲ್ಲ, ಅದರಿಂದ ಆಕೆ ನೋವಲ್ಲೇ ಇದ್ದು, ಒಂದಿಷ್ಟು ಹೊತ್ತು ತೂಕಡಿಸಿ, ಮತ್ತೆ ನೋವಿಗೇ ಏಳ್ತಾರೆ. ಪಾಪ, ಮಾತ್ರೆಯ ಒಳ್ಳೇದು ಅವರಿಗೆ ಸಿಗ್ತಾನೇ ಇಲ್ಲ. ಕೊಟ್ಟಿರೋ ಚೀಟಿ ಪ್ರಕಾರ ಕೊಡಿ, ನಿಮ್ಮಷ್ಟಕ್ಕೆ ನೀವೇ ಹೆಚ್ಚು ಕಮ್ಮಿ ಮಾಡ್ಬೇಡಿ, ಮಧ್ಯೆ ನೋವು ಬಂದ್ರೆ ಎಕ್ಸ್‌ಟ್ರಾ ಎಷ್ಟು ಕೊಡ್ಬಹುದು ಅಂತ ಡಾಕ್ಟ್ರನ್ನ ಕೇಳಿ ಬರೆಸ್ಕೊಳ್ಳಿ. ಒಂದು ನೋಟ್‌ಬುಕ್ ಇಟ್ಟು ಟೈಮು, ನೋವು ಹತ್ತಕ್ಕೆ ಎಷ್ಟು, ಎರಡೇ ಕಾಲಂ ಬರೀರಿ.

ಅಭ್ಯಾಸ ಆಗತ್ತಾ? ನೋವಿರೋ ಕ್ಯಾನ್ಸರ್ ಪೇಷಂಟಿಗೆ ಲೆಕ್ಕ ಹಾಕಿ ಕೊಟ್ಟ ಮಾರ್ಫಿನಿಂದ ಚಟ ಹತ್ತೋದು ಬಹಳ ಅಪರೂಪ. ದೇಹ ಅದಕ್ಕೆ ಒಗ್ಗಿಕೊಳ್ಳತ್ತೆ, ಹಾಗಾಗಿ ಏಕ್‌ದಂ ನಿಲ್ಲಿಸ್ಬಾರ್ದು, ಅಷ್ಟೇ. ಬೇಗ ಪ್ರಾಣ ಹೋಗತ್ತಾ? ಸರಿಯಾದ ಡೋಸಲ್ಲಿ ಇಲ್ಲ. ಮೊದಲ ಎರಡು ಮೂರು ದಿನ ತೂಕಡಿಕೆ, ಸ್ವಲ್ಪ ವಾಕರಿಕೆ ಇರತ್ತೆ, ವಾರಗಟ್ಟಲೆ ನಿದ್ದೆಗೆಟ್ಟ ಜೀವ ಅದು, ನಿದ್ದೆ ಮಾಡ್ಲಿ ಬಿಡಿ. ಎಬ್ಬಿಸಿದ್ರೂ ಏಳದಷ್ಟು ಮಂಪರು, ಉಸಿರು ತೀರಾ ನಿಧಾನ, ಗೊಂದಲದ ಮಾತು ಇದ್ರೆ ಮಾತ್ರ ತಕ್ಷಣ ಫೋನ್ ಮಾಡಿ. ಮುಖ್ಯವಾದ್ದು ಇನ್ನೊಂದಿದೆ, ಯಾರೂ ಹೇಳೋಕೆ ನಾಚ್ಕೋತಾರೆ, ಮಲಬದ್ಧತೆ. ತೂಕಡಿಕೆ ಹೋಗತ್ತೆ, ಇದು ಮಾತ್ರ ಹೋಗಲ್ಲ, ಮಾರ್ಫಿನ್ ಇರೋವರೆಗೂ ಮಲ ಸಡಿಲ ಮಾಡೋ ಮಾತ್ರೆನೂ ದಿನಾ ಇರ್ಬೇಕು. ಚೀಟೀಲಿ ಅದಿಲ್ದಿದ್ರೆ ಕೇಳಿ ಬರೆಸಿ. ಹೊಟ್ಟೆ ಕಟ್ಟಿಕೊಂಡು ಒದ್ದಾಡಿ ಮಾರ್ಫಿನ್ನೇ ಬೇಡ ಅಂತ ಬಿಟ್ಟವರನ್ನ ನಾನು ಎಷ್ಟು ಜನ ನೋಡಿಲ್ಲ.

ಮೆಡಿಕಲ್ ಶಾಪಿನವರದ್ದು ತಪ್ಪಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆ, ಅಂದ್ರೆ ಮಾದಕವಸ್ತು ತಡೆಯೋ ಕಾನೂನು, ಬಂದ್ಮೇಲೆ ಮಾರ್ಫಿನ್ ಇಟ್ಕೊಳ್ಳೋದಕ್ಕೆ ಎಷ್ಟೊಂದು ಲೈಸೆನ್ಸು, ಒಂದು ಸಣ್ಣ ತಪ್ಪಾದ್ರೂ ಜೈಲು, ಹಾಗಾಗಿ ಆಸ್ಪತ್ರೆಗಳೇ ಇಡೋದು ಬಿಟ್ಬಿಟ್ವು. ಇದೇ ದೇಶದ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಸರ್ಕಾರದ ಲೈಸೆನ್ಸಲ್ಲೇ ಅಫೀಮು ಬೆಳೀತಾರೆ, ಇಲ್ಲಿ ನಮ್ಮ ಹೆಣ್ಣುಮಕ್ಕಳು ನೋವಲ್ಲಿ ಹಲ್ಲು ಕಚ್ಕೊಂಡು ರಾತ್ರಿ ಕಳೀತಾರೆ, ಇದನ್ನ ನೆನೆಸ್ಕೊಂಡ್ರೆ ನನಗೆ ಇವತ್ತಿಗೂ ಹೊಟ್ಟೆ ಉರಿಯತ್ತೆ. 2014ರಲ್ಲಿ ಕಾಯ್ದೆ ತಿದ್ದಿ ಸಲೀಸು ಮಾಡಿದ್ರು, ಈಗ ಮಾನ್ಯತೆ ಪಡೆದ ಆಸ್ಪತ್ರೆಗಳು ಇಟ್ಕೋಬಹುದು. ನಿಮಗೆ ಮೈಸೂರು ಹತ್ರ, ಅಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನವರ ಪಾಲಿಯೇಟಿವ್ ಕೇರ್ (ವಾಸಿ ಆಗದ ಕಾಯಿಲೇಲಿ ನೋವು, ಕಷ್ಟ ಕಮ್ಮಿ ಮಾಡೋ ಆರೈಕೆ) ಇದೆ, ನಿಮ್ಮ ಕಡೆ ಯಾರು ಸಿಗ್ತಾರೆ ಅಂತ ಅವರನ್ನ ವಿಚಾರಿಸಿ. ಮನೇಲಿ ತೀರಾ ಕಷ್ಟ ಆದ್ರೆ ಬೆಂಗಳೂರಲ್ಲಿ ಕರುಣಾಶ್ರಯ ಇದೆ, ಕೊನೇ ಹಂತದ ಕ್ಯಾನ್ಸರ್‌ನವರನ್ನ ಒಂದು ಪೈಸೆ ತಗೊಳ್ದೆ ನೋಡ್ಕೋತಾರೆ. ಬೆನ್ನುಮೂಳೆಗೆ ಕರೆಂಟ್ ಇನ್ನೊಂದ್ಸಲ ಕೊಡಕ್ಕಾಗತ್ತಾ ಅಂತಾನೂ ಕೇಳಿ, ಮೂಳೆ ನೋವಿಗೆ ಎಷ್ಟೋ ಸಲ ಒಂದೇ ದಿನದ ರೇಡಿಯೇಶನ್ ಸಾಕಾಗತ್ತೆ. ಕಾಲು ಶಕ್ತಿ ಕಮ್ಮಿ ಆದ್ರೆ, ಮೂತ್ರ ಕಟ್ಟಿದ್ರೆ ಅದೇ ದಿನ ಆಸ್ಪತ್ರೆಗೆ ಓಡಿ, ನಾಳೆಗೆ ಅಂತ ಇಡ್ಬೇಡಿ.

ವಿಷದ ಮಾತು. ವಿಷ ಕೊಡಿ ಅನ್ನೋರಲ್ಲಿ ತುಂಬ ಜನ ಸಾವು ಕೇಳ್ತಿರಲ್ಲ, ಈ ರಾತ್ರಿ ಮುಗೀಲಿ ಅಂತ ಕೇಳ್ತಿರ್ತಾರೆ. ವಿಷ ಅಥವಾ ಇಂಜೆಕ್ಷನ್ ಕೊಟ್ಟು ಸಾಯಿಸೋದು ಈ ದೇಶದಲ್ಲಿ ಅಪರಾಧ, ಯಾವ ಡಾಕ್ಟ್ರೂ ಮಾಡಲ್ಲ, ಮಾಡ್ಬಾರ್ದು. ಆದ್ರೆ "ಹಂಗೆಲ್ಲ ಮಾತಾಡ್ಬೇಡ" ಅಂತ ಬಾಯಿ ಮುಚ್ಚಿಸ್ಬೇಡಿ. ಎರಡು ರಾತ್ರಿ ಸರಿಯಾಗಿ ನಿದ್ದೆ ಬಂದ್ಮೇಲೆ ಪಕ್ಕದಲ್ಲಿ ಕೂತು ಕೇಳಿ, ಯಾವುದು ಹೆಚ್ಚು ಕಷ್ಟ ಆಗ್ತಿದೆ ನಿಂಗೆ ಅಂತ. ನೋವು ಕಮ್ಮಿ ಆದ್ಮೇಲೂ ಅದೇ ಮಾತಾಡ್ತಿದ್ರೆ ಡಾಕ್ಟ್ರಿಗೆ ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರಿಗೂ ಫೋನ್ ಮಾಡ್ಬಹುದು, ಕನ್ನಡದಲ್ಲೇ ಮಾತಾಡ್ತಾರೆ. ನೀವೂ ಮಾಡಿ ಸಾರ್. ನಿಮ್ಮ ಕಾಗದದಲ್ಲಿ ನಿಮ್ಮ ನಿದ್ದೆ ಬಗ್ಗೆ ಒಂದು ಸಾಲೂ ಇಲ್ಲ.

ಶಿವಮೊಗ್ಗದಿಂದ: ಅಮ್ಮನಿಗೆ 78. ಮಿದುಳಲ್ಲಿ ದೊಡ್ಡದಾಗಿ ರಕ್ತಸ್ರಾವ ಆಗಿ 11 ದಿನದಿಂದ ವೆಂಟಿಲೇಟರಲ್ಲಿದಾರೆ. ಕಣ್ಣು ಬಿಟ್ಟಿಲ್ಲ. ಡಾಕ್ಟ್ರು ಚಾನ್ಸ್ ಇಲ್ಲ ಅಂತ ನನ್ನ ಹತ್ರ ಹೇಳ್ತಾರೆ, ನ್ಯೂಜೆರ್ಸಿಯಿಂದ ಅಣ್ಣ ವಿಡಿಯೋ ಕಾಲ್ ಮಾಡಿದ್ರೆ "ಲೆಟ್ ಅಸ್ ಸೀ" ಅಂತಾರೆ. ಅಣ್ಣ ಏನ್ ಬೇಕಾದ್ರೂ ಮಾಡಿ ದುಡ್ಡು ಕಳಿಸ್ತೀನಿ ಅಂತಾನೆ. ದಿನಾ ಇಲ್ಲಿ ಕೂತು ನೋಡ್ತಿರೋಳು ನಾನು. ವೆಂಟಿಲೇಟರ್ ತೆಗೀರಿ ಅಂದ್ರೆ ಕಾನೂನು ಒಪ್ಪಲ್ಲ, ಬೇಕಾದ್ರೆ ಸೈನ್ ಮಾಡಿ ಮನೆಗೆ ಕರ್ಕೊಂಡ್ ಹೋಗಿ ಅಂತಾರೆ. ನಾನು ಅಮ್ಮನ್ನ ಸಾಯಿಸ್ತಿದೀನಾ?

ಇಲ್ಲಮ್ಮ. ನೀವು ಸಾಯಿಸ್ತಿಲ್ಲ. ಇದನ್ನ ಮೊದಲ ಸಾಲಲ್ಲೇ ಬರೀಬೇಕು ಅನ್ನಿಸ್ತು.

ಕಾನೂನು ಒಪ್ಪಲ್ಲ ಅನ್ನೋದು ಹಳೇ ಮಾತು. ಇದರ ಕಥೆ ನಮ್ಮ ಕನ್ನಡನಾಡಿಗೂ ತಾಗಿಕೊಂಡಿದೆ. ಹೊನ್ನಾವರ ತಾಲೂಕಿನ ಹಳದೀಪುರದ ಹುಡುಗಿ ಅರುಣಾ ಶಾನಭಾಗ್ ಮುಂಬೈಯ ಕೆಇಎಂ ಆಸ್ಪತ್ರೇಲಿ ನರ್ಸಾಗಿದ್ದವರು. 1973ರ ನವೆಂಬರಲ್ಲಿ ಅದೇ ಆಸ್ಪತ್ರೆಯ ಕೆಲಸಗಾರ ಒಬ್ಬ ನಾಯಿ ಕಟ್ಟೋ ಚೈನಿಂದ ಕುತ್ತಿಗೆ ಬಿಗಿದು ಅತ್ಯಾಚಾರ ಮಾಡಿದ, ಮಿದುಳಿಗೆ ರಕ್ತ ಹೋಗದೆ ಆ ಜೀವ 2015ರ ಮೇ 18ರವರೆಗೆ, ಸುಮಾರು 42 ವರ್ಷ, ಹಾಸಿಗೆ ಮೇಲೇ ಇತ್ತು. ಅವರಿಗೆ ದಯಾಮರಣ ಕೊಡಿ ಅಂತ ಹಾಕಿದ ಅರ್ಜಿನ ಸುಪ್ರೀಂ ಕೋರ್ಟು 2011ರ ಮಾರ್ಚ್ 7ಕ್ಕೆ ಒಪ್ಪಲಿಲ್ಲ. ಅಷ್ಟು ವರ್ಷ ಉಣ್ಸಿ ಮೈ ಒರೆಸಿ ನೋಡ್ಕೊಂಡಿದ್ದ ಆ ಆಸ್ಪತ್ರೆಯ ನರ್ಸುಗಳು ಬೇಡ ಅಂದ್ರು, ಕೋರ್ಟು ಅವರ ಮಾತಿಗೆ ಬೆಲೆ ಕೊಡ್ತು. ಅಂದಹಾಗೆ ಅರುಣಾ ವೆಂಟಿಲೇಟರಲ್ಲಿರ್ಲಿಲ್ಲ, ತಾವಾಗೇ ಉಸಿರಾಡ್ತಿದ್ರು, ಹಾಗಾಗಿ ನಿಮ್ಮ ಅಮ್ಮನ ಸ್ಥಿತಿಯೇ ಬೇರೆ. ಆದ್ರೆ ಅದೇ ತೀರ್ಪಲ್ಲಿ ಚಿಕಿತ್ಸೆ ನಿಲ್ಲಿಸೋದಕ್ಕೆ ಮೊದಲ ಸಲ ಬಾಗಿಲು ತೆಗೀತು. 2018ರ ಮಾರ್ಚ್ 9ಕ್ಕೆ ಐದು ಜಡ್ಜುಗಳ ಪೀಠ ಘನತೆಯಿಂದ ಸಾಯೋದೂ ಬದುಕೋ ಹಕ್ಕಿನ ಭಾಗ ಅಂತು, 2023ರ ಜನವರಿಯಲ್ಲಿ ಆ ನಿಯಮಗಳನ್ನ ಸರಳ ಮಾಡಿದ್ರು, 2025ರ ಜನವರಿ 30ಕ್ಕೆ ನಮ್ಮ ರಾಜ್ಯದ ಆರೋಗ್ಯ ಇಲಾಖೆ ಇದನ್ನ ಜಾರಿ ಮಾಡೋಕೆ ಸುತ್ತೋಲೆನೂ ಹೊರಡಿಸ್ತು.

ನೀವು ಆಸ್ಪತ್ರೇಲಿ ಕೇಳ್ಬೇಕಾದ್ದು ಇಷ್ಟು, "ಪ್ರೈಮರಿ ಮೆಡಿಕಲ್ ಬೋರ್ಡ್ ಕರೀರಿ" ಅಂತ. ನೋಡ್ತಿರೋ ಡಾಕ್ಟ್ರು ಒಬ್ರು, ಕನಿಷ್ಠ 5 ವರ್ಷ ಅನುಭವ ಇರೋ ತಜ್ಞರು ಇಬ್ರು ಕೂತು ಚೇತರಿಕೆ ಇಲ್ಲ ಅಂತ ಬರೀಬೇಕು, ನಿಮ್ಮ ಮನೆಯವರ ಒಪ್ಪಿಗೆ ಬರವಣಿಗೇಲಿ ಬೇಕು, ಆಮೇಲೆ ಇನ್ನೊಂದು ಬೋರ್ಡು, ಅದರಲ್ಲಿ ಜಿಲ್ಲೆಯ ಆರೋಗ್ಯಾಧಿಕಾರಿ ಹೆಸರಿಸಿದ ಡಾಕ್ಟ್ರು ಒಬ್ರು ಇರ್ತಾರೆ. ಎರಡೂ ಬೋರ್ಡು ಆದಷ್ಟು 48 ಗಂಟೆ ಒಳಗೆ ಹೇಳ್ಬೇಕು ಅಂತಿದೆ. ಒಪ್ಪಿದ್ರೆ ಮ್ಯಾಜಿಸ್ಟ್ರೇಟರಿಗೆ ಆಸ್ಪತ್ರೆನೇ ತಿಳಿಸಿ ಮುಂದುವರೀಬಹುದು, ನೀವು ಕೋರ್ಟು ಹತ್ತೋ ಅಗತ್ಯ ಇಲ್ಲ. ಬೋರ್ಡುಗಳು ಒಪ್ಪದಿದ್ರೆ ಮಾತ್ರ ಹೈಕೋರ್ಟಿಗೆ ಹೋಗೋ ದಾರಿ ಇದೆ. ನಿಮ್ಮ ಆಸ್ಪತ್ರೆಯವರಿಗೆ ಇದು ಗೊತ್ತಿಲ್ದೇ ಇರ್ಬಹುದು, ಗೊತ್ತಿದ್ದೂ ಯಾಕೆ ತಲೆನೋವು ಅಂತಿರ್ಬಹುದು. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಒಂದು ಕಾಗದ ಬರೆದು ಹಿಡ್ಕೊಂಡು ಹೋಗಿ.

ಸೈನ್ ಮಾಡಿ ಕರ್ಕೊಂಡ್ ಹೋಗಿ ಅನ್ನೋದರ ಬಗ್ಗೆ ನನಗೆ ತುಂಬ ಹೇಳೋದಿದೆ. ಉಸಿರಿರೋವಾಗ್ಲೇ ಮನೆಗೆ ತಂದು ತುಳಸಿ ನೀರು ಬಿಡ್ಬೇಕು ಅನ್ನೋ ಆಸೆ ನಮ್ಮವರಿಗೆ ಇದ್ದೇ ಇದೆ, ಅದು ಒಳ್ಳೇ ಆಸೆ. ಆದ್ರೆ ನಡೆಯೋದು ಏನು? ಆಂಬ್ಯುಲೆನ್ಸಲ್ಲಿ ಒಬ್ಬ ಹುಡುಗ ಆಂಬು ಬ್ಯಾಗ್ (ಕೈಲಿ ಒತ್ತಿ ಉಸಿರು ಕೊಡೋ ಚೀಲ) ಒತ್ತುತಾ ಕೂತಿರ್ತಾನೆ, ದಾರಿಯುದ್ದಕ್ಕೂ ಹಂಪ್ಸ್ ಹಾರುತ್ತೆ ಗಾಡಿ, ಮನೆ ಬಾಗಿಲಲ್ಲಿ ಚಾಪೆ ಮೇಲೆ ಮಲಗ್ಸಿದ್ಮೇಲೆ ಅವನೇ ಟ್ಯೂಬ್ ಎಳೆದು, ಸಿಲಿಂಡರ್ ಎತ್ಕೊಂಡು, ಯಾರ ಮುಖಾನೂ ನೋಡದೆ ಹೋಗ್ತಾನೆ. ಆಮೇಲೆ ಅರ್ಧ ಗಂಟೆನೋ ಎರಡು ಗಂಟೆನೋ ಗಂಟಲಲ್ಲಿ ಕಫ ಗೊರಗೊರ ಅಂತ, ಸುತ್ತ ನೆಂಟರೆಲ್ಲ ನಿಂತು ನೋಡ್ತಿರ್ತಾರೆ. ಉಸಿರು ಕಟ್ಟದ ಹಾಗೆ ಕೊಡೋ ಔಷಧಿ ಇಲ್ಲ, ಕೊಡೋರು ಇಲ್ಲ. ಮನೆಗೆ ಕರ್ಕೊಂಡ್ ಹೋಗೋದೇ ಆದ್ರೆ ಆ ಔಷಧಿ ಏನು, ಯಾರು ಬಂದು ಕೊಡ್ತಾರೆ, ಕಫಕ್ಕೆ ಏನು ಮಾಡ್ಬೇಕು, ರಾತ್ರಿ ಯಾರಿಗೆ ಫೋನ್ ಮಾಡ್ಬೇಕು ಅಂತ ಬರೆಸ್ಕೊಂಡು ಹೋಗಿ. ಆಸ್ಪತ್ರೇಲೇ ಆದ್ರೆ ಟ್ಯೂಬ್ ತೆಗೆಯೋಕೆ ಮುಂಚೆ ಈ ಔಷಧಿ ಕೊಟ್ಟಿರ್ಬೇಕು, ಮನೆಯವರು ಪಕ್ಕದಲ್ಲಿರೋಕೆ ಬಿಡ್ಬೇಕು. ಇದನ್ನ ಧೈರ್ಯವಾಗಿ ಕೇಳಿ.

ಅಣ್ಣನ ಮೇಲೆ ಸಿಟ್ಟಿದೆ ನಿಮಗೆ. ಅವರು ಅಷ್ಟು ದೂರ ಇರೋದಕ್ಕೇ ಜಾಸ್ತಿ ಹಠ ಮಾಡ್ತಿದಾರೆ, ಕೈಲಿ ಮಾಡಕ್ಕಾಗದ ಸೇವೆನ ದುಡ್ಡಲ್ಲಿ ಮಾಡೋಕೆ ನೋಡ್ತಿದಾರೆ. ಡಾಕ್ಟ್ರು ನಿಮಗೊಂದು ಅವರಿಗೊಂದು ಹೇಳ್ತಿರೋದು ತಪ್ಪು. ಒಂದೇ ವಿಡಿಯೋ ಕಾಲ್‌ನಲ್ಲಿ ಇಬ್ರನ್ನೂ ಕೂರ್ಸಿ ಒಂದೇ ಮಾತು ಹೇಳಿ ಅಂತ ಕೇಳಿ. ಆ ಕಾಲ್‌ನಲ್ಲಿ "ನಿಮಗೇನು ಬೇಕು" ಅಂತ ಮಕ್ಕಳನ್ನ ಕೇಳೋದಲ್ಲ, "ನಿಮ್ಮಮ್ಮ ಈಗ ಎದ್ದು ಕೂತು ತನ್ನನ್ನೇ ನೋಡ್ಕೊಂಡ್ರೆ ಏನಂತಿದ್ರು" ಅಂತ ಕೇಳ್ಬೇಕು. ಪಕ್ಕದ್ಮನೆಯವರು ಹೀಗೆ ಮಲಗಿದ್ದಾಗ ಅಮ್ಮ ಏನಾದ್ರೂ ಅಂದಿದ್ರಾ, ನೆನಪು ಮಾಡ್ಕೊಳ್ಳಿ, ಬಹುತೇಕ ಅಮ್ಮಂದಿರು ಏನೋ ಒಂದು ಅಂದಿರ್ತಾರೆ. ದುಡ್ಡಿನ ಮಾತೂ ಆಡಿ. ಐಸಿಯು ಬಿಲ್ಲಿನ ಬಗ್ಗೆ ಯೋಚ್ನೆ ಬಂದ ಮಾತ್ರಕ್ಕೆ ನೀವು ಕೆಟ್ಟ ಮಗಳಾಗಲ್ಲ.

ಗದಗದಿಂದ: ಡಾಕ್ಟ್ರ, ನಮ್ಮ ಅತ್ತಿಯವ್ರಿಗೆ 84 ವರ್ಷ, ಮರುವು ರೋಗ ಆಗಿ ಆರು ವರ್ಷ ಆತು. ಈಗ ಒಂದು ತಿಂಗಳಿಂದ ಊಟಾ ಬಿಟ್ಟಾರ, ಎರಡು ಚಮಚೆ ಗಂಜಿ ಬಾಯಾಗ ಹಾಕಿದ್ರ ಹಂಗ ಇಟ್ಕೊಂಡು ಕುಂದರ್ತಾರ. ಮೂಗಿನಾಗ ನಳಿಗಿ ಹಾಕಸ್ರಿ ಅಂತ ಒಬ್ರು, ಬ್ಯಾಡ ಅಂತ ಒಬ್ರು. ಓಣ್ಯಾಗ ಮಂದಿ, ಸೊಸಿ ಮುದುಕಿನ್ನ ಉಪವಾಸ ಕೆಡವ್ಯಾಳ ಅಂತ ಮಾತಾಡ್ತಾರ್ರೀ.

ಅಕ್ಕಾವ್ರ, ಆರು ವರ್ಷ ನೋಡ್ಕೊಂಡಿದೀರಲ್ಲ, ಓಣಿ ಮಂದಿ ಒಂದು ದಿನ ಬಂದು ಒಂದು ಹೊತ್ತು ಉಣಿಸಿ ನೋಡ್ಲಿ.

ಮರೆವಿನ ಕಾಯಿಲೆ ಕೊನೆ ಹಂತಕ್ಕೆ ಬಂದಾಗ ನುಂಗೋದೇ ಮರೆತುಹೋಗತ್ತೆ, ಹಸಿವೂ ಕಮ್ಮಿ ಆಗತ್ತೆ. ಉಣ್ಣದೇ ಇರೋದ್ರಿಂದ ಸಾವು ಹತ್ರ ಬರ್ತಿರೋದಲ್ಲ, ಸಾವು ಹತ್ರ ಬಂದಿರೋದ್ರಿಂದ ಊಟ ಬಿಟ್ಟಿರೋದು. ಆದ್ರೂ ಮೊದಲು ಒಂದ್ಸಲ ಡಾಕ್ಟ್ರಿಗೆ ತೋರ್ಸಿ, ಬಾಯಿ ಹುಣ್ಣು, ಹಲ್ಲು ನೋವು, ಮಲ ಕಟ್ಟಿರೋದು, ಮೂತ್ರದ ಸೋಂಕು, ಹೊಸ ಮಾತ್ರೆ, ಇವುಗಳಿಂದ ಊಟ ಬಿಟ್ಟಿದ್ರೆ ಸರಿ ಮಾಡ್ಬಹುದು. ಇದ್ಯಾವುದೂ ಅಲ್ಲ ಅಂತಾದ್ರೆ, ಈ ಹಂತದಲ್ಲಿ ಮೂಗಿನ ನಳಿಗೆ ಹಾಕಿದ್ರೆ ಆಯುಷ್ಯ ಜಾಸ್ತಿ ಆಗತ್ತೆ ಅನ್ನೋದಕ್ಕೆ ಆಧಾರ ಇಲ್ಲ, ಊಟ ಶ್ವಾಸಕೋಶಕ್ಕೆ ಹೋಗೋದೂ ನಿಲ್ಲಲ್ಲ. ಕಿತ್ಕೋತಾರೆ, ಕಿತ್ಕೋತಾರೆ ಅಂತ ಕೈ ಕಟ್ತಾರೆ. ಆ ಕೈ ಕಟ್ಟಿರೋದನ್ನ ನೋಡೋಕಾಗಲ್ಲ ನನಗೆ.

ಕೂರ್ಸಿ, ಗದ್ದ ಸ್ವಲ್ಪ ಕೆಳಗೆ ಮಾಡಿ, ಅರ್ಧ ಚಮಚ ಅವರಿಗೆ ಇಷ್ಟ ಆಗೋದು ಕೊಡಿ, ನುಂಗಿದ್ಮೇಲೆ ಇನ್ನೊಂದು. ಬೇಡ ಅಂದ್ರೆ ಬಿಡಿ. ತೆಳ್ಳಗಿನ ಬಟ್ಟೆ ಒದ್ದೆ ಮಾಡಿ ಬಾಯಿ ಒರೆಸಿ, ತುಟಿಗೆ ಒಂದು ಹನಿ ತುಪ್ಪ ಸವರಿ. ಅವರು ಗಟ್ಟಿಯಾಗಿದ್ದಾಗ ಏನಿಷ್ಟ ಪಡ್ತಿದ್ರು ಅಂತ ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲ್ಲ.

ಹೆಸರು, ಊರು ಎರಡೂ ಬೇಡ ಅಂದವರಿಂದ: ಮೇಡಂ, ನಾನು ಹೌಸ್ ಸರ್ಜನ್. ಕಳೆದ ವಾರ ನೈಟ್ ಡ್ಯೂಟೀಲಿ ಕೊನೇ ಹಂತದ ಶ್ವಾಸಕೋಶದ ಕ್ಯಾನ್ಸರ್ ಇದ್ದ ಅಜ್ಜನ ಹಾರ್ಟ್ ನಿಂತಿತು. ಎಲ್ರಿಗೂ ಗೊತ್ತಿತ್ತು ಉಳಿಯಲ್ಲ ಅಂತ, ಆದ್ರೂ ಸಿಪಿಆರ್ (ಎದೆ ಒತ್ತಿ ನಿಂತ ಹೃದಯ ನಡೆಸೋ ಪ್ರಯತ್ನ) ಮಾಡು ಅಂದ್ರು, ಹೊರಗೆ ಮನೆಯವರು ಜಾಸ್ತಿ ಜನ ಇದ್ರು. ನನ್ನ ಕೈ ಕೆಳಗೆ ಪಕ್ಕೆಲುಬು ಮುರಿದಿದ್ದು ಗೊತ್ತಾಯ್ತು. 25 ನಿಮಿಷ ಮಾಡಿದೆ. ಆ ಶಬ್ದ ನಿದ್ದೇಲಿ ಕೇಳತ್ತೆ. ನಾನು ಡಾಕ್ಟರ್ ಆಗೋಕೆ ಲಾಯಕ್ಕಾ?

ಲಾಯಕ್ಕು ಕಣಪ್ಪ. ಆ ಶಬ್ದ ಕೇಳಿಸದೇ ಇದ್ದಿದ್ರೆ ನನಗೆ ಭಯ ಆಗ್ತಿತ್ತು.

ನೀನು ಮಾಡಿದ್ದು ಆ ರಾತ್ರಿಯ ತಪ್ಪಲ್ಲ, ಅದಕ್ಕಿಂತ ಎಷ್ಟೋ ದಿನ ಮುಂಚೆ ಆಗ್ಬೇಕಿದ್ದ ಒಂದು ಮಾತುಕತೆ ಆಗದೇ ಹೋಗಿದ್ದರ ಫಲ. ಅಜ್ಜ ವಾರ್ಡಿಗೆ ಬಂದ ದಿನವೇ ಯಾರಾದ್ರೂ ಹಿರಿಯ ಡಾಕ್ಟ್ರು ಅವರ ಪಕ್ಕ ಕೂತು, ಮನೆಯವರನ್ನ ಕರೆದು, ಹೃದಯ ನಿಂತ್ರೆ ಎದೆ ಒತ್ತೋದ್ರಿಂದ ಏನಾಗತ್ತೆ, ಏನಾಗಲ್ಲ ಅಂತ ಹೇಳಿ ಕೇಸ್ ಶೀಟಲ್ಲಿ ಬರೀಬೇಕಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲೇ ಇದಕ್ಕೆ ಮಾರ್ಗಸೂಚಿ ಮಾಡಿದೆ, ಸಿಪಿಆರ್ ಮಾಡೋದು ಬೇಡ ಅಂತ ಹೇಗೆ ತೀರ್ಮಾನಿಸ್ಬೇಕು, ಹೇಗೆ ಬರೀಬೇಕು, ಫಾರಂ ಸಮೇತ. ಪ್ರಿಂಟ್ ತೆಗೆದು ನಿನ್ನ ಯೂನಿಟ್ ಹೆಡ್‌ಗೆ ತೋರ್ಸು. ಬೈದ್ರೂ ಪರವಾಗಿಲ್ಲ. ಸಿಪಿಆರ್ ಬೇಡ ಅಂದ್ರೆ ಚಿಕಿತ್ಸೆ ಬೇಡ ಅಂತಲ್ಲ ಅಂತ ನರ್ಸುಗಳಿಗೂ ಗೊತ್ತಿರ್ಲಿ, ಆ ಬೆಡ್ ಕಡೆ ರೌಂಡ್ಸಲ್ಲಿ ನೋಡದೇ ಮುಂದೆ ಹೋಗೋದನ್ನ ನಾನು ನೋಡಿದೀನಿ, ಅದು ಪಕ್ಕೆಲುಬು ಮುರಿಯೋದಕ್ಕಿಂತ ಕ್ರೂರ.

ಹೊರಗಿರೋ ಜನಕ್ಕೆ ಹೆದರಿ ಸಿಪಿಆರ್ ಮಾಡೋದು ಎಲ್ಲಾ ಕಡೆ ಇದೆ, ಡಾಕ್ಟ್ರ ಮೇಲೆ ಕೈ ಮಾಡೋ ಕಾಲದಲ್ಲಿ ಆ ಹೆದರಿಕೆ ಸುಳ್ಳೂ ಅಲ್ಲ. ಆದ್ರೆ ನನ್ನ ಅನುಭವದಲ್ಲಿ ಜನ ಸಿಟ್ಟಾಗೋದು ಸಾವಿಗಲ್ಲ, ಯಾರೂ ಏನೂ ಹೇಳ್ಲಿಲ್ಲ ಅನ್ನೋದಕ್ಕೆ. ನಿನ್ನ ಜೊತೆ ಆ ರಾತ್ರಿ ಇದ್ದ ನರ್ಸ್ ಸಿಸ್ಟರ್ ಹತ್ರ ಒಂದ್ಸಲ ಮಾತಾಡು, ಅವರಿಗೂ ನಿದ್ದೆ ಬಂದಿರಲ್ಲ. ನಿದ್ದೆ ಬರದೇ ಇರೋದು ಇನ್ನೂ ಎರಡು ವಾರ ಹೀಗೇ ಮುಂದುವರಿದ್ರೆ ಸೈಕಿಯಾಟ್ರಿ ಓಪಿಡಿಗೆ ನೀನೇ ಪೇಷಂಟಾಗಿ ಹೋಗು, ಅದರಲ್ಲಿ ಅವಮಾನ ಇಲ್ಲ.

ಧಾರವಾಡದಿಂದ: ನಾನು ರಿಟೈರ್ಡ್ ಬ್ಯಾಂಕ್ ಉದ್ಯೋಗಿ, 74 ವರ್ಷ, ಒಬ್ಬಳೇ ಇದೀನಿ. ಶುಗರ್ ಬಿಟ್ರೆ ಗಟ್ಟಿ. ನನಗೆ ಕೊನೇಲಿ ಮಷೀನು ಬೇಡ. ಅದನ್ನ ಬರೆದಿಡೋದು ಹೇಗೆ?

ನಾನು ಮೇಲೆ ಹೇಳಿದ ಆ ಒಂದೇ ಒಂದು ಕಾಗದ ನಿಮ್ಮದೇ. ಓದಿ ಮನಸ್ಸಿಗೆ ಸಮಾಧಾನ ಆಯ್ತು.

18 ವರ್ಷ ಮೇಲ್ಪಟ್ಟ, ಬುದ್ಧಿ ನೆಟ್ಟಗಿರೋ ಯಾರು ಬೇಕಾದ್ರೂ ಬರೀಬಹುದು. ಯಾವ ಸ್ಥಿತೀಲಿ ಯಾವ ಚಿಕಿತ್ಸೆ ಬೇಡ ಅಂತ ಸ್ಪಷ್ಟವಾಗಿ ಬರೀರಿ, ಬರೀ "ಮಷೀನು ಬೇಡ" ಅಂದ್ರೆ ಸಾಲ್ದು, ನಾಳೆ ನ್ಯುಮೋನಿಯಾ ಆಗಿ ನಾಲ್ಕು ದಿನ ವೆಂಟಿಲೇಟರಲ್ಲಿದ್ದು ಎದ್ದು ಬರೋ ಹಾಗಿದ್ರೆ ಅದು ಬೇಕಾಗತ್ತಲ್ವಾ? ಚೇತರಿಕೆ ಇಲ್ಲ ಅಂತ ಡಾಕ್ಟ್ರುಗಳು ಖಚಿತ ಮಾಡಿದ ಮೇಲೆ ಅಂತ ಸೇರ್ಸಿ. ನೋವಿಗೆ ಔಷಧಿ ಮಾತ್ರ ಬೇಕೇ ಬೇಕು ಅಂತಾನೂ ಬರೀರಿ. ನಿಮ್ಮ ಪರವಾಗಿ ಮಾತಾಡೋ ಇಬ್ರ ಹೆಸರು ಹಾಕಿ, ನಂಬಿಕೆ ಇರೋವ್ರು, ಧೈರ್ಯ ಇರೋವ್ರು. ಇಬ್ರು ಸಾಕ್ಷಿಗಳ ಮುಂದೆ ಸಹಿ, ನೋಟರಿ ಅಥವಾ ಗೆಜೆಟೆಡ್ ಆಫೀಸರ್ ದೃಢೀಕರಣ, ಅಷ್ಟೇ. 2023ಕ್ಕೆ ಮುಂಚೆ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು, ಈಗ ಬೇಡ. ಮನಸ್ಸು ಬದಲಾದ್ರೆ ಯಾವಾಗ ಬೇಕಾದ್ರೂ ವಾಪಸ್ ತಗೋಬಹುದು. ಒಂದು ಪ್ರತಿ ನಿಮ್ಮ ಫ್ಯಾಮಿಲಿ ಡಾಕ್ಟ್ರಿಗೆ ಕೊಡಿ, ಬ್ಯಾಂಕ್ ಲಾಕರಲ್ಲಿ ಮಾತ್ರ ಇಡ್ಬೇಡಿ, ರಾತ್ರಿ ಎರಡು ಗಂಟೆಗೆ ಲಾಕರ್ ತೆಗೆಯೋಕಾಗಲ್ಲ. ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮನವರು ಘನತೆಯ ಸಾವಿಗಾಗಿ ವರ್ಷಗಟ್ಟಲೆ ಸರ್ಕಾರದ ಬಾಗಿಲು ತಟ್ಟಿದವರು. ಅಂಥವರು ಬಿಡದೆ ಕೇಳ್ತಾ ಬಂದಿದ್ದರಿಂದಲೇ ಇವತ್ತು ನಾನು ಇದನ್ನೆಲ್ಲ ಇಷ್ಟು ನಿರಾಳವಾಗಿ ಪತ್ರಿಕೇಲಿ ಬರೆಯೋಕಾಗ್ತಿದೆ.

ಹಾಸನದಿಂದ: ಅಪ್ಪ ತೀರ್ಕೊಂಡು ನಾಲ್ಕು ತಿಂಗಳು. ಉಳಿದ ಮಾರ್ಫಿನ್ ಮಾತ್ರೆ ಒಂದೂವರೆ ಸ್ಟ್ರಿಪ್ ದೇವರಮನೆ ಬೀರುವಲ್ಲಿದೆ. ಎಸೆಯೋಕೆ ಮನಸ್ಸಾಗ್ತಿಲ್ಲ. ಏನ್ ಮಾಡ್ಲಿ?

ಎಸೀಬೇಡಿ, ಕಸದಲ್ಲಿ ಮಕ್ಕಳ ಕೈಗೆ ಸಿಗ್ಬಾರ್ದು. ನೋವಲ್ಲಿರೋ ಬೇರೆ ಯಾರಿಗೂ ಕೊಡ್ಲೂಬೇಡಿ, ಅವರ ಡೋಸ್ ಬೇರೆ ಇರತ್ತೆ. ಎಲ್ಲಿಂದ ತಂದಿದ್ರೋ ಆ ಆಸ್ಪತ್ರೆಗೇ ವಾಪಸ್ ಕೊಡಿ, ಎಣಿಸಿ ಬರೆದು ತಗೋತಾರೆ. ಬೆಳಿಗ್ಗೆ ರಶ್ ಇರತ್ತೆ, ಮಧ್ಯಾಹ್ನ ಮೂರರ ಮೇಲೆ ಹೋಗಿ, ಅಪ್ಪನ್ನ ನೋಡ್ಕೊಂಡಿದ್ದ ಸಿಸ್ಟರ್ ಡ್ಯೂಟೀಲಿದ್ರೆ ಅವರ ಹತ್ರ ಸ್ವಲ್ಪ ಹೊತ್ತು ಕೂತು ಬನ್ನಿ.